ಮೊದಲ ಬೆಲ್ಲಿಗೆ ಬಿಚ್ಚಿದ ಕಾರ್ಡು

ವಿಜ್ಞಾನದ ಮೇಷ್ಟ್ರು ಗಾಳಿಯ ಪಾಠವನ್ನು ಪುಸ್ತಕ ಮುಚ್ಚಿಸಿ ಕಲಿಸಿದರು. ಅಂಗೈಯಗಲದ ಬಿಳಿ ರಟ್ಟು, ನಡುವೆ ಪೆನ್ಸಿಲಿನಿಂದ ಗೆರೆ ಹಾಕಿದ ಒಂದು ಚೌಕ, ಚೌಕದ ಮೇಲೆ ತೆಳ್ಳಗೆ ಸವರಿದ ವ್ಯಾಸಲೀನು. ಹೊರಗೆ ಕಟ್ಟಿದರೆ ಗಾಳಿಯಲ್ಲಿನ ಧೂಳು, ಮಸಿ ಬಂದು ಅಂಟಿಕೊಳ್ಳುತ್ತದೆ. ಆಮೇಲೆ ಭೂತಗನ್ನಡಿ ಹಿಡಿದು ಚುಕ್ಕೆ ಎಣಿಸಿದರೆ ಆಯಿತು.

ಒಂಬತ್ತನೆಯ ತರಗತಿಯವರು ಶಾಲೆಯ ಸುತ್ತ ಎಂಟು ಕಡೆ ಕಾರ್ಡು ಕಟ್ಟಿದರು. ಹಿತ್ತಲ ಗೋಡೆಯದೇ ಎಲ್ಲಕ್ಕಿಂತ ಕಪ್ಪು. ಗೋಡೆಯ ಆಚೆಗೆ ಬೇಕರಿ. ಬೇಕರಿಯಲ್ಲಿ ಸೌದೆ ಒಲೆ. ಇನ್ನೇನು ಬೇಕು? ಮೇಷ್ಟ್ರು ಮಕ್ಕಳ ಕೈಯಿಂದಲೇ ಪುರಸಭೆಗೆ ಅರ್ಜಿ ಬರೆಸಿದರು. ವಾರದೊಳಗೆ ಅಧಿಕಾರಿ ಬಂದು, ವಿಚಾರಣೆ ಮುಗಿಯುವವರೆಗೆ ಒಲೆ ಹಚ್ಚಕೂಡದೆಂದು ಬಾಗಿಲಿಗೆ ಚೀಟಿ ಅಂಟಿಸಿ ಹೋದರು.

ಬೇಕರಿಯವನ ಮಗಳೂ ಅದೇ ತರಗತಿಯವಳು. ಗುಂಡು ಮುಖದ ಅವಳನ್ನು ಎಲ್ಲರೂ ‘ಬನ್ನು’ ಎಂದು ಕರೆಯುತ್ತಿದ್ದರು. ಅರ್ಜಿಗೆ ಅವಳೂ ತಲೆ ತಗ್ಗಿಸಿ ಸಹಿ ಹಾಕಿದ್ದಳು.

ಒಲೆ ಆರಿದ ನಾಲ್ಕನೆಯ ದಿನ ಅವಳು ಎರಡು ಕಾರ್ಡು ಹಿಡಿದು ಮೇಷ್ಟ್ರ ಮೇಜಿನ ಹತ್ತಿರ ಬಂದಳು. “ಸಾರ್, ಎರಡೂ ಹಿತ್ತಲ ಗೋಡೇದೇ. ಇದು ನಿನ್ನೆ ಮೊದಲ ಬೆಲ್ ಆದ ಮೇಲಿಂದ ಸಂಜೆ ತನಕ ಇದ್ದದ್ದು. ಇದು ಸಂಜೆ ಕಟ್ಟಿ, ಇವತ್ತು ಮೊದಲ ಬೆಲ್ಲಿಗೆ ಬಿಚ್ಚಿದ್ದು.”

ಮೊದಲಿನದು ಹೆಚ್ಚುಕಡಿಮೆ ಬಿಳಿ. ಎರಡನೆಯದು ಕರ್ರಗಿತ್ತು.

ಮೇಷ್ಟ್ರಿಗೆ ಸಿಟ್ಟು ನೆತ್ತಿಗೇರಿತು. “ಒಲೆ ತಣ್ಣಗಿದೆ. ಮಸಿ ಆಕಾಶದಿಂದ ಉದುರಿತೇನಮ್ಮಾ? ಅಪ್ಪನ ಒಲೆ ಕೆರೆದು ಬಳಕೊಂಡು ಬಂದೆಯಾ?”

“ಬನ್ನು ಸೀದೋಯ್ತು!” ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ತರಗತಿ ನಕ್ಕಿತು. ಮೇಷ್ಟ್ರೂ ನಕ್ಕರು.

ಹುಡುಗಿ ಅಳಲಿಲ್ಲ. “ನಾಳೆ ಬೆಳಿಗ್ಗೆ ನೀವೇ ಕಟ್ಟಿ ನೋಡಿ ಸಾರ್,” ಎಂದಳು.

ಮರುದಿನ ಮೇಷ್ಟ್ರು ದೇವರಿಗೆ ಕೈಮುಗಿದು, ಆರೂವರೆಗೇ ಶಾಲೆಗೆ ಬಂದು ಕಾರ್ಡು ಕಟ್ಟಿದರು. ಸುಳ್ಳನ್ನು ಹಿಡಿದೇ ತೀರುತ್ತೇನೆಂಬ ಹುಮ್ಮಸ್ಸು. ಏಳು ಗಂಟೆಗೆ ಜವಾನ ಗೋಡೆಯ ಮೂಲೆಯಲ್ಲಿ ತರಗೆಲೆ, ಹಳೆಯ ಉತ್ತರಪತ್ರಿಕೆ, ಪ್ಲಾಸ್ಟಿಕ್ಕು ಎಲ್ಲ ಗುಡ್ಡೆ ಹಾಕಿ ಕಡ್ಡಿ ಗೀರಿದ. ಹೊಗೆ ಗೋಡೆಯನ್ನು ತಬ್ಬಿಕೊಂಡು ಮೇಲೆದ್ದಿತು.

“ಯಾರಯ್ಯಾ ನಿನಗೆ ಇಲ್ಲಿ ಸುಡೋಕೆ ಹೇಳಿದ್ದು?”

“ಒಳ್ಳೇ ಕಥೆ! ನೀವೇ ಅಲ್ವಾ ಸಾರ್, ಕಾರ್ಡು ಕಟ್ಟಿಸೋ ಮೊದಲು? ಗಾಳಿ ಪಾಠ ನೋಡೋಕೆ ಮೇಲಿನವರು ಬಂದರೂ ಬರಬಹುದು, ಮಕ್ಕಳು ಬರೋದ್ರೊಳಗೆ ಗುಡಿಸಿ ಸುಟ್ಟುಬಿಡು, ಒಂದೆಲೆ ಕಾಣಬಾರದು ಅಂದ್ರಿ. ಅವತ್ತಿಂದ ಒಂದು ದಿನಾನೂ ತಪ್ಪಿಸಿಲ್ಲ. ಬೂದಿ ಕೂಡ ಎತ್ತಿ ಹಾಕ್ತೀನಿ.”

ಹೌದು, ಹೇಳಿದ್ದರು. ಹೇಳಿ ಮರೆತಿದ್ದರು. “ನಮ್ಮ ತಟ್ಟೇಲಿ ಹೆಗ್ಗಣ ಸತ್ತು ಬಿದ್ದಿದ್ರೂ ನಿಮಗೆ ಕಾಣೋದು ಪಕ್ಕದವರ ತಟ್ಟೆ ನೊಣಾನೇ ಕಣ್ರೀ,” ಎಂದು ಹೆಂಡತಿ ಅವರನ್ನು ಹಾಸ್ಯ ಮಾಡುತ್ತಿದ್ದಳು. ಆಕೆ ತೀರಿಕೊಂಡು ವರ್ಷವಾಗಿತ್ತು. ಹಾಗೆ ಹೇಳುವವರು ಈಗ ಮನೆಯಲ್ಲಿ ಯಾರೂ ಇರಲಿಲ್ಲ.

ಅವರ ಮುಖ ನೋಡಿ ಜವಾನನಿಗೆ ಕನಿಕರವಾಯಿತು. “ನಾನು ಬಾಯಿ ಬಿಡಲ್ಲ ಸಾರ್. ನಾಳೆಯಿಂದ ಸುಡೋದು ಬೇಡ, ಅಷ್ಟೇ ತಾನೆ? ಯಾರಿಗೆ ಗೊತ್ತಾಗುತ್ತೆ!”

ಮೇಷ್ಟ್ರು ಗೋಡೆಯತ್ತ ನಡೆದರು. ಕರ್ರಗಾದ ಕಾರ್ಡು ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡರು.

ತರಗತಿಗೆ ಹೋಗಿ ಬೆಳಕಿನ ಪಾಠ ತೆಗೆದರು. ಹುಡುಗಿ ಅವರ ಎದೆಯನ್ನೇ ನೋಡುತ್ತಿದ್ದಳು. ಮೇಷ್ಟ್ರು ಬಗ್ಗಿ ನೋಡಿಕೊಂಡರು. ವ್ಯಾಸಲೀನು ಬಟ್ಟೆಗೆ ಇಳಿದು, ಬಿಳಿ ಜೇಬಿನ ಮೇಲೆ ಕಪ್ಪು ಚೌಕವೊಂದು ಮೂಡಿತ್ತು. ಯಾರೂ ನೋಡಲಿಲ್ಲವೆಂದು ಬಚ್ಚಿಟ್ಟದ್ದನ್ನು ದೇವರು ಎದೆಯ ಮೇಲೆಯೇ ಬರೆದಿದ್ದ. ಅವರ ಕಿವಿ ಬಿಸಿಯಾಯಿತು. ಸೀಮೆಸುಣ್ಣ ಕೆಳಗಿಟ್ಟರು.

“ಬಾಮ್ಮಾ,” ಎಂದು ಕಾರ್ಡನ್ನು ಮೇಜಿನ ಮೇಲಿಟ್ಟರು. “ನೀನೇ ಎಣಿಸು. ಜೋರಾಗಿ.”

ಅವಳು ಎಣಿಸತೊಡಗಿದಳು. ಅವಳು ಎಣಿಸುತ್ತಿರುವಾಗಲೇ ಮೇಷ್ಟ್ರು ಬೆಂಕಿ ಹಾಕಿದವರಾರು, ಹಾಕಿಸಿದವರಾರು ಎಂಬುದನ್ನೆಲ್ಲ ಹೇಳಿದರು. ಈ ಸಲ ಯಾರೂ ನಗಲಿಲ್ಲ. ಅದು ನಗುವಿಗಿಂತ ಕಷ್ಟವಾಗಿತ್ತು.

“ನಿನ್ನನ್ನ ಸುಳ್ಳಿ ಅಂದೆ. ಕಾರ್ಡು ಜೇಬಿಗೆ ಹಾಕ್ಕೊಂಡವನು ನಾನು. ಕ್ಷಮಿಸಮ್ಮ.”

“ಲೆಕ್ಕ ತಪ್ಪುತ್ತೆ ಸಾರ್,” ಎಂದಳು ಹುಡುಗಿ, ತಲೆ ಎತ್ತದೆ. “ನೂರ ಹದಿನಾಲ್ಕು, ನೂರ ಹದಿನೈದು...”

ಸಂಜೆ ಮೇಷ್ಟ್ರು ಅದೇ ಅಂಗಿಯಲ್ಲಿ ಬೇಕರಿಗೆ ಹೋದರು. ತಪ್ಪು ತಮ್ಮದೆಂದು ಪುರಸಭೆಗೆ ಬರೆದ ಕಾಗದವನ್ನು ಬೇಕರಿಯವನ ಕೈಗೆ ಕೊಟ್ಟರು. ಆತ ನಿಧಾನವಾಗಿ ಓದಿ ಮಡಚಿದ.

“ನನ್ನ ಒಲೇನೂ ಹೊಗೆ ಬಿಡುತ್ತೆ ಮೇಷ್ಟ್ರೇ, ಇಲ್ಲ ಅನ್ನಲ್ಲ. ಚಿಮಣಿ ಎತ್ತರ ಮಾಡಿಸ್ತೀನಿ. ಒಲೆ ಇವತ್ತಲ್ಲ ನಾಳೆ ಹತ್ತಿಕೊಳ್ಳುತ್ತೆ ಬಿಡಿ. ಆದ್ರೆ ನಿನ್ನೆ ರಾತ್ರಿ ನನ್ನ ಮಗಳು ಊಟ ಬಿಟ್ಟು ಮಲಗಿದಳು.”

ಬೇಕರಿಯವನು ಸ್ಟೂಲು ಮುಂದಕ್ಕೆ ತಳ್ಳಿ, “ಕೂತ್ಕೊಳ್ಳಿ,” ಎಂದ. ಮೇಷ್ಟ್ರಿಗೆ ಕೂರಲಾಗಲಿಲ್ಲ. ತಣ್ಣಗಿದ್ದ ಒಲೆಯ ಮುಂದೆ, ಜೇಬಿನ ಕಲೆಯನ್ನು ಕೈಯಿಂದ ಮುಚ್ಚಿಕೊಳ್ಳದೆ, ಹೋಮ್‌ವರ್ಕು ಮಾಡಿ ತಾರದ ಹುಡುಗನ ಹಾಗೆ ನಿಂತೇ ಇದ್ದರು.