ಬಿಸಿಲಿಗಿಟ್ಟ ಫ್ಲಾಪಿಗಳು

ಒಣಸೀಗಡಿಯ ವಾಸನೆ ಬಂದರೆ ಹೀರಾಳಿಗೆ ಈಗಲೂ ಅಂಕೋಲೆಯ ದಡದಲ್ಲಿ ಅವ್ವ ಚಾಪೆಯ ಮೇಲೆ ಮೀನು ಹರವುತ್ತಿದ್ದ ಬೆಳಗುಗಳೇ ನೆನಪಾಗುತ್ತವೆ. "ಬಿಸಿಲು ಕಂಡದ್ದು ಕೆಡೂದಿಲ್ಲ" ಎನ್ನುತ್ತಿದ್ದಳು ಅವ್ವ. ಆ ಮಾತನ್ನು ನಂಬಿಯೇ ಹೀರಾ, ಮಳೆಗಾಲದಲ್ಲಿ ಬೂಷ್ಟು ಹಿಡಿದ ಕಸೂತಿ ನಕ್ಷೆಗಳ ಫ್ಲಾಪಿಗಳನ್ನು ಟೆರೇಸಿನ ಮೇಲೆ ಸೀಗಡಿಯ ಪಕ್ಕದಲ್ಲೇ ಒಣಗಲು ಹಾಕಿದ್ದಳು. ಸಂಜೆಗೆ ಅವು ಹಪ್ಪಳದ ಹಾಗೆ ಸೊಟ್ಟಗಾಗಿದ್ದವು.

ಈಗ ಶಿರವಾಡದ ಅವಳ ಅಂಗಡಿಯಲ್ಲಿ ಬಿಣಗಾದ ಮೆಕ್ಯಾನಿಕ್ ಕಿಶನ ಕಸೂತಿ ಯಂತ್ರವನ್ನು ಬಿಚ್ಚಿಕೊಂಡು ಕೂತಿದ್ದ. ಫ್ಲಾಪಿ ಓದುವ ಡ್ರೈವು ಉಪ್ಪುಗಾಳಿಗೆ ತುಕ್ಕು ಹಿಡಿದಿತ್ತು. ಅದನ್ನು ಕಿತ್ತು, ಅದೇ ಅಳತೆಯ, ಪೆನ್‌ಡ್ರೈವ್ ಸಿಕ್ಕಿಸುವ ಹೊಸ ಡಬ್ಬಿಯನ್ನು ಆ ಜಾಗದಲ್ಲಿ ಕೂರಿಸಿದ. ಸ್ವಿಚ್ಚು ಹಾಕಿದರೆ ಅದರ ದೀಪ ಆರದೆ ಒಂದೇ ಸಮನೆ ಉರಿಯಿತು.

"ವೈರು ಉಲ್ಟಾ ಆಗದೆ, ಅಷ್ಟೇ" ಎಂದು ತಿರುಗಿಸಿ ಹಾಕಿದ. ಡಬ್ಬಿಯ ಮೇಲೆ ಎರಡು ಸೊನ್ನೆ ಮೂಡಿದವು. "ಯಂತ್ರಕ್ಕೆ ಇನ್ನು ಇದೇ ಫ್ಲಾಪಿ. ನಕ್ಷೆ ತಾ ಹೀರಕ್ಕ."

ಸೋಮವಾರದೊಳಗೆ ಶಾಲೆಯ ಇನ್ನೂರು ಅಂಗಿಗಳಿಗೆ ಲಾಂಛನ ಹೊಲಿದು ಕೊಡಬೇಕಿತ್ತು. ತಪ್ಪಿದರೆ ಕೆಲಸ ಹುಬ್ಬಳ್ಳಿಗೆ, ಯಂತ್ರ ಗುಜರಿಗೆ. ಆ ಲಾಂಛನದ ನಕ್ಷೆ ಇದ್ದದ್ದು ಒಂದೇ ಒಂದು ಫ್ಲಾಪಿಯಲ್ಲಿ. ಅದನ್ನು ಕೊಡುತ್ತ ಹೀರಾ ಬಿಸಿಲಿನ ಕತೆಯನ್ನೂ ಹೇಳಿಬಿಟ್ಟಳು.

ಕಿಶನ ಅದನ್ನು ಮೂಸಿ ನೋಡಿದ. "ಉಪ್ಪು ಹಚ್ಚೂದು ಮರ್ತ್ಯಾ?"

"ನಗಬೇಡ ಮಾರಾಯಾ. ಆಗೂದಿದ್ರೆ ಆಗ್ತದೆ ಅನ್ನು."

"ಚಿಪ್ಪು ಸೊಟ್ಟ ಆಗದೆ. ಒಳಗಿಂದು ಗಟ್ಟಿ ಇರ್ತದೆ, ನೋಡ್ವ."

ಅವನು ಚಿಪ್ಪು ಸೀಳಿ, ಒಳಗಿನ ಕಪ್ಪು ಬಿಲ್ಲೆಯನ್ನು ಹತ್ತಿಯಿಂದ ಒರೆಸಿ, ಹೊಸ ಫ್ಲಾಪಿಯೊಂದರ ಚಿಪ್ಪಿನಲ್ಲಿಟ್ಟು ತನ್ನ ಲ್ಯಾಪ್‌ಟಾಪಿಗೆ ಜೋಡಿಸಿದ್ದ ಡ್ರೈವಿಗೆ ತೂರಿಸಿದ. ಅದು ಕರಕರ ಎಂದಿತು, ನಿಂತಿತು, ಮತ್ತೆ ಕರಕರ ಎಂದಿತು. ನಕ್ಷೆ ಪೆನ್‌ಡ್ರೈವಿಗೆ ಇಳಿಯಿತು. ಸ್ವಲ್ಪ ಹೊತ್ತಿಗೆಲ್ಲ ಯಂತ್ರದ ಸೂಜಿ ಬಿಳಿ ಬಟ್ಟೆಯ ಮೇಲೆ ನೀಲಿ ದೀಪಸ್ತಂಭವೊಂದನ್ನು ಬುಡದಿಂದ ಏರಿಸತೊಡಗಿತು.

ಅಂಗಿಗಳ ಗಂಟು ಹೊತ್ತು ಒಳಬಂದ ಪಕ್ಕದ ಅಂಗಡಿಯ ಜಯಂತಿಯ ಕಣ್ಣು ಮೂಲೆಯಲ್ಲಿದ್ದ ಸೊಟ್ಟ ಫ್ಲಾಪಿಗಳ ರಾಶಿಯ ಮೇಲೆ ಬಿತ್ತು. ಅವಳಿಗೆ ತಿಳಿದದ್ದು ಸಂಜೆಯೊಳಗೆ ಕಾರವಾರದ ಮೀನುಪೇಟೆಗೆಲ್ಲ ತಿಳಿಯುತ್ತಿತ್ತು.

"ಅಷ್ಟೂ ಫ್ಲಾಪಿ ಒಂದೇ ಸಲ ಹೆಂಗೆ ಹಾಳಾದ್ವು ಕಿಶನಣ್ಣ?"

ಹೀರಾ ದಾರದ ಉಂಡೆಯತ್ತ ಬಗ್ಗಿದಳು. ಕಿಶನ ತಲೆ ಎತ್ತದೆ ಸ್ಕ್ರೂ ಬಿಗಿಯುತ್ತ, "ಹಳೇವಲ್ವಾ. ಅವುಗಳ ಆಯುಷ್ಯವೇ ಅಷ್ಟು" ಎಂದ.

ಗಂಟೆ ಮೂರು ದಾಟಿತ್ತು. ಜಯಂತಿ ಹೋದ ಮೇಲೆ ಹೀರಾ ಒಂದು ಚೊಂಬು ನೀರು ತಂದು ಅವನ ಎದುರಿಟ್ಟಳು. ತಾನಿನ್ನೂ ಮುಟ್ಟದ ಊಟದ ಡಬ್ಬಿಯನ್ನು ತೆಗೆದು, ಕುಚಲಕ್ಕಿ ಅನ್ನದ ಮೇಲೆ ಬಸಳೆಯ ಸಾರು ಸುರಿದು, ಅವನ ಕೈಗೆ ಕೊಟ್ಟಳು.