ಅಪ್ಪನ ತುಟಿ

ಕರ್ ಕರ್ ಎಂದು ಏನನ್ನೋ ಕೆರೆಯುವ ಸದ್ದು. ವಿಶಾಖಾಳ ನಿದ್ದೆ ಮೊದಲೇ ತೆಳು. ನಡುರಾತ್ರಿ ಎದ್ದು ಪಡಸಾಲೆಗೆ ಬಂದವಳು ಬಾಗಿಲಲ್ಲೇ ನಿಂತಳು. ಅಣ್ಣ ಸಂಘಪಾಲ ಅಡುಗೆಮನೆಯ ಚಾಕು ಹಿಡಿದು, ಅವಳು ಬರೆದ ಅಪ್ಪನ ಚಿತ್ರದಿಂದ ತುಟಿಯನ್ನು ಹೆರೆಯುತ್ತಿದ್ದ.

"ಏನ್ ಮಾಡಾಕತ್ತಿ?"

"ಅಪ್ಪಗ ನಗಸಾಕತ್ತೇನಿ. ನಾಳೆ ಗುರುಲಿಂಗ ಸಾವ್ಕಾರ್ರು ಪರದೆ ಸರಸತಾರ. ಅವರ ಮುಂದ ಅಪ್ಪ ಹಿಂಗ ಮಾರಿ ಗಂಟ್ ಹಾಕ್ಕೊಂಡು ಕುಂದರಬೇಕೇನು?"

ಹುಮನಾಬಾದಿನ ಶಾಲೆಯಲ್ಲಿ ಚಿತ್ರಕಲೆ ಕಲಿಸುವ ವಿಶಾಖಾ ತಿಂಗಳಿಡೀ ಆ ಮುಖದ ಬೆನ್ನು ಹತ್ತಿದ್ದಳು. ಗೆರೆ ಎಳೆದಿರಲಿಲ್ಲ, ಕಪ್ಪು ಮುಟ್ಟಿರಲಿಲ್ಲ. ಬಣ್ಣಗಳನ್ನು ತಿಕ್ಕಿ ನುಣುಪು ಮಾಡದೆ ತುಂಡು ತುಂಡಾಗಿ ಒಂದರ ಪಕ್ಕ ಒಂದು ಇಟ್ಟಿದ್ದಳು. ಕೆನ್ನೆಯ ನೆರಳಿಗೆ ನೀಲಿ, ಹಣೆಯ ಬಿಸಿಲಿಗೆ ಕೇಸರಿ. ಹತ್ತಿರದಿಂದ ಬರೀ ಮೆತ್ತು. ಹಿಂದೆ ಸರಿದು ನೋಡಿದರೆ ಅಪ್ಪ ಮಚ್ಚೇಂದ್ರ, ಸಂಜೆಬಿಸಿಲಲ್ಲಿ ಉರಿಯುತ್ತ.

ಬಸವಕಲ್ಯಾಣದ ಈ ಓಣಿಗೊಂದು ವಾಚನಾಲಯ ಬೇಕೆಂದು ಅಪ್ಪ ಹೋರಾಡಿದ್ದ. ಜಾಗ ಸಿಗದಂತೆ ವರ್ಷಗಟ್ಟಲೆ ಅಡ್ಡ ನಿಂತವನೇ ಗುರುಲಿಂಗ. ಅಪ್ಪ ಸತ್ತಮೇಲೆ ಕಟ್ಟಡವಾಯಿತು. ಈಗ ಅದರ ಗೋಡೆಯ ಚಿತ್ರದ ಪರದೆ ಸರಿಸಲು ಅದೇ ಗುರುಲಿಂಗ. ಅಣ್ಣನಿಗೆ ನಗರಸಭೆ ಚುನಾವಣೆಯ ಟಿಕೆಟ್ಟು ಬೇಕಿತ್ತು, ಅದು ಗುರುಲಿಂಗನ ಕೈಯಲ್ಲಿತ್ತು.

"ಮಾರಿಗಿ ನೀಲಿ ಬಳದು ಮಂಗ್ಯಾ ಮಾಡೀದಿ," ಎಂದ ಅವನು. "ಪೇಂಟರ್ ತುಳಜಾರಾಮ ಬ್ಯಾನರ್ ಮ್ಯಾಗ ಎಷ್ಟ್ ಛಂದ ತಗೀತಾನ, ಫೋಟೋ ಇದ್ದಂಗ!"

"ಟಿಕೆಟ್ ಬೇಕಂದ್ರ ನಿನ್ನ ಹಲ್ಲು ಕಿಸಿ. ಅಪ್ಪಂದ್ಯಾಕ ಕಿಸಸ್ತಿ?" ವಿಶಾಖಾ ಚಿತ್ರದ ಮುಂದೆ ಬಂದು ನಿಂತಳು. "ಇಡು ಚಾಕು. ಇಲ್ಲಾಂದ್ರ ಅವ್ವಗ ಎಬ್ಬಸ್ತೀನಿ."

ಚಾಕು ಎಸೆದು ಅವನು ಹೋದ. ತುಟಿಯಿದ್ದಲ್ಲಿ ಬೋಳು ಕ್ಯಾನ್ವಾಸು.

ಅವಳು ಅಳತೆ ನೋಡಲಿಲ್ಲ, ಕಣ್ಣು ಕಿರಿದಾಗಿಸಿ ದೂರ ನಿಲ್ಲಲಿಲ್ಲ. ಕುಂಚವನ್ನು ಕೆಂಪಿನಲ್ಲಿ ಅದ್ದಿ ಒತ್ತಿದಳು, ಬೈಗುಳ ಉಗುಳಿದ ಹಾಗೆ. ಹಸಿ ಕೆಂಪಿನ ಮೇಲೆಯೇ ನೇರಳೆ ಎಳೆದಳು. ಮತ್ತೆ ಮುಟ್ಟಲಿಲ್ಲ.

ಮರುದಿನ ಗುರುಲಿಂಗ ಪರದೆ ಸರಿಸಿದ. ಕೈ ಮುಗಿಯಲು ಮುಖವೆತ್ತಿದವನು ಅರ್ಧಕ್ಕೇ ಕಣ್ಣು ತಗ್ಗಿಸಿದ.

"ಮಚ್ಚೇಂದ್ರಂದು ಸಿಟ್ಟ್ ಇನ್ನಾ ಇಳದಿಲ್ಲ ನೋಡ್ರಿ!" ಹಿಂದಿನಿಂದ ಯಾರೋ ಅಂದರು. ಜನ ನಕ್ಕರು. ಸಂಘಪಾಲ ನೆಲ ನೋಡುತ್ತಿದ್ದ.

ಅವ್ವ ಸೋನುಬಾಯಿ ಮಗಳ ಮುಂಗೈ ಹಿಡಿದಳು. "ಆ ಬಾಯಿ ಖರೇ ನಿಮ್ಮಪ್ಪಂದೇ. ಹ್ಯಾಂಗ ತಗದಿ, ನನ್ನವ್ವಾ?"

ವಿಶಾಖಾ ನೋಡಿದಳು. ತಿಂಗಳಿಡೀ ನೆನಪಿನಿಂದ ಹುಡುಕಿದರೂ ಸಿಗದ ತುಟಿ ಅದು. ಅದರಲ್ಲಿದ್ದದ್ದು ತನ್ನ ಸಿಟ್ಟು, ಒಡಹುಟ್ಟಿದವನ ಮೇಲಿನದು. ಹೇಳಿದರೆ ಅವ್ವನಿಗೆ ಮಗನೂ ಹೋದ, ಚಿತ್ರದಲ್ಲಿ ಈಗಷ್ಟೇ ಸಿಕ್ಕ ಗಂಡನೂ ಹೋದ.

"ಹಂಗ ಬಂತವ್ವಾ," ಎಂದಳು. ರಾತ್ರಿ ನಡೆದದ್ದನ್ನು ಯಾರಿಗೂ ಹೇಳಬಾರದೆಂದು ಅಲ್ಲೇ, ಹಲ್ಲು ಕಚ್ಚಿ, ನಿರ್ಧರಿಸಿದಳು.