ಮುನ್ನೀ ಬೀಯ ಮರೆವು

ನಾಲ್ಕನೆಯ ದಿನ ಬೆಳಿಗ್ಗೆ ಒಲೆ ಹಚ್ಚಿದ ಅಸ್ಫಿಯಾಳ ಕೈ ತಾನಾಗಿಯೇ ನವಣೆ ಡಬ್ಬಿಯ ಕಡೆ ಹೋಯಿತು. ಮೂರು ದಿನ ಮನೆಯಲ್ಲಿ ಅಡುಗೆ ಇರಲಿಲ್ಲ. ಸಾವಾದ ಮನೆಯಲ್ಲಿ ಒಲೆ ಹಚ್ಚಬಾರದೆಂದು ಓಣಿಯವರೇ ಊಟ ತಂದುಕೊಟ್ಟಿದ್ದರು. ನಿನ್ನೆ ಮೂರನೆಯ ದಿನದ ಜಿಯಾರತ್ ಮುಗಿಯಿತು. ಉಳಿದಿದ್ದ ನೆಂಟರೂ ಸಂಜೆಯ ಹರಪನಹಳ್ಳಿ ಬಸ್ಸು ಹತ್ತಿದರು. ಈಗ ಮನೆಯಲ್ಲಿ ಅತ್ತೆ, ಸೊಸೆ ಇಬ್ಬರೇ.

ನವಣೆ ಯಾಕೆ ಎಂದು ನೀರು ಕುದಿಯಲು ಶುರುವಾದ ಮೇಲೆ ಯೋಚಿಸಿದಳು. ಈ ಮನೆಗೆ ನವಣೆ ತಂದವನು ಅವಳ ಗಂಡ ಮುಬಶ್ಶಿರ. ಎರಡು ವರ್ಷದ ಹಿಂದೆ ಅವನ ತಾಯಿ ಮುನ್ನೀ ಬೀಗೆ ಎದೆನೋವು ಬಂದಾಗ ದಾವಣಗೆರೆಯ ಡಾಕ್ಟರು ರಕ್ತ ನೋಡಿ ಕೊಲೆಸ್ಟರಾಲ್ ಹೆಚ್ಚಾಗಿದೆ ಎಂದಿದ್ದರು. ಇದು ವಂಶದಲ್ಲಿ ಬರುವಂಥದ್ದು, ದಿನಕ್ಕೊಂದು ಮಾತ್ರೆ, ಇರುವ ತನಕ ಬಿಡುವಂತಿಲ್ಲ. ಅವತ್ತಿನಿಂದ ಮುಬಶ್ಶಿರ ಮನೆಗೆ ಪಾಮಾಯಿಲ್ ಬರಲು ಬಿಡಲಿಲ್ಲ. ಮಟನ್ನು ತಿಂಗಳಿಗೊಮ್ಮೆ, ಅದೂ ಚರ್ಬಿ ತೆಗೆಸಿ. ಮೊಟ್ಟೆಯ ಹಳದಿ ಬೆಕ್ಕಿಗೆ. ತಾನು ಮಾತ್ರ ಅಂಗಡಿಯ ಎದುರಿನ ಬಂಡಿಯಲ್ಲಿ ಮಿರ್ಚಿ ತಿಂದು ಬಾಯಿ ಒರೆಸಿಕೊಂಡು ಬರುತ್ತಿದ್ದ. ಈಚೆಗೆ ಎರಡು ತಿಂಗಳಿಂದ ಅದನ್ನೂ ಬಿಟ್ಟು ತಾಯಿಯ ಜೊತೆ ಕೂತು ನವಣೆ ಅನ್ನವನ್ನೇ ಉಣ್ಣುತ್ತಿದ್ದ. ತಾಯಿಗೆ ಜೊತೆಯಾಗಲೆಂದು ಹಾಗೆ ಮಾಡುತ್ತಾನೆ ಎಂದು ಅಸ್ಫಿಯಾ ಒಳಗೊಳಗೇ ಹೆಮ್ಮೆಪಟ್ಟಿದ್ದಳು.

ಅವನು ಸೋಮವಾರ ಹನ್ನೊಂದು ಗಂಟೆಗೆ ತನ್ನ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಎದೆ ಹಿಡಿದುಕೊಂಡು ಕೂತ. ಗ್ಯಾಸ್ ಎಂದು ಸೋಡಾ ತರಿಸಿ ಕುಡಿದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಮೂವತ್ತೆಂಟು ವರ್ಷ.

ಗಂಜಿಯ ತಟ್ಟೆಯನ್ನು ಮುಂದಿಟ್ಟಾಗ ಮುನ್ನೀ ಬೀ ಎರಡು ತುತ್ತು ಉಂಡು ಸರಿಸಿದಳು.

"ಮೂರು ದಿನ ಆತು, ಗುಳಿಗಿ ತಗಂಡಿಲ್ಲ ನೀವು. ಇವತ್ತರ ತಗಳ್ರಿ ಅತ್ತೀ" ಎಂದಳು ಅಸ್ಫಿಯಾ.

"ಎದಿ ಕೆಟ್ಟಿದ್ದು ನಂದು. ಹೋದಾವ ಅವ. ಇನ್ನ ಯಾಕ ಗುಳಿಗಿ?"

ಅಷ್ಟರಲ್ಲಿ ಪಕ್ಕದ ಮನೆಯ ಅಂಜಿನಕ್ಕ ಸೆರಗಿನಲ್ಲಿ ಬದನೆಕಾಯಿ ಕಟ್ಟಿಕೊಂಡು ಒಳಗೆ ಬಂದಳು. ಬಾಗಿಲಲ್ಲೇ ಎಲ್ಲ ಕೇಳಿಸಿಕೊಂಡಿದ್ದಳು.

"ಏನ್ ಮುನ್ನಕ್ಕಾ, ಹೋಗೋ ತಯಾರಿ ನಡಸೀಯೇನು? ಹೋಗಾದಿದ್ರ ನಿನ್ನ ಆ ಕರೇ ಕೋಳಿ ನನಗ ಕೊಟ್ಟು ಹೋಗು. ದಿನಾ ನನ್ನ ಹಿತ್ತಲದಾಗ ಮೇದು ನಿನ್ನ ಮನ್ಯಾಗ ತತ್ತಿ ಇಡತೈತಿ."

"ತಗಂಡು ಹೋಗು."

"ಹಂಗ ಕೊಟ್ರ ಯಾರಿಗೆ ಬೇಕು? ನೀನು ಜಗಳ ಆಡಿ ಕೊಡಬಕು." ಅಂಜಿನಕ್ಕ ಅವಳ ಪಕ್ಕ ಕೂತು ಮೊಣಕಾಲ ಮೇಲೆ ಕೈ ಇಟ್ಟಳು. "ನನಗೂ ಗುಳಿಗಿ ಬರ್ಕೊಟ್ಟಾರ. ಒಣ ಜಾಲಿ ಕಡ್ಡಿ ಇದ್ದಂಗ ಅದೀನಿ, ನನ್ನ ರಕ್ತದಾಗ ಜಿಡ್ಡು ಐತಂತ! ಆದ್ರೂ ನುಂಗ್ತೀನಿ. ನೀನೂ ನುಂಗು."

"ನುಂಗಿದ್ದು ನೆನಪರ ಇರಬಕಲ್ಲ? ಒಂದಿನ ಎರಡು ನುಂಗ್ತೀನಿ, ಒಂದಿನ ಇಲ್ಲ. ನನಗ ಮರವು ಬಂದೈತಿ ಅಂಜಿನಿ."

ಅದು ಎರಡು ತಿಂಗಳ ಮಾತು. ಹತ್ತು ದಿನ ಬರಬೇಕಾದ ಮಾತ್ರೆಯ ಪಟ್ಟಿ ಏಳು ದಿನಕ್ಕೇ ಖಾಲಿಯಾಗತೊಡಗಿತ್ತು. ಮೊದಲು ಮುಬಶ್ಶಿರ ನಕ್ಕಿದ್ದ. ಆಮೇಲೆ ನೆಂಟರ ಎದುರು, ಅಮ್ಮಗ ಅರವು ಮರವು ಶುರು ಆತು, ಎರಡೆರಡು ನುಂಗ್ತಾಳ ಅಂದಿದ್ದ. ಅವತ್ತಿನಿಂದ ಮುನ್ನೀ ಬೀ ಸಂತೆಗೆ ಒಬ್ಬಳೇ ಹೋಗುವುದನ್ನು ಬಿಟ್ಟಳು. ಒಲೆಯ ಹತ್ತಿರ ಹೋಗುವುದನ್ನೂ ಬಿಟ್ಟಳು.

ಹತ್ತು ಗಂಟೆಗೆ ಯೂನುಸ ಬಂದ. ಅಂಗಡಿಯಲ್ಲಿ ಮುಬಶ್ಶಿರನ ಜೊತೆ ಹತ್ತು ವರ್ಷ ತಂತಿ ಸುತ್ತಿದವನು. ಅಸ್ಫಿಯಾ ಗಂಡ ಸತ್ತ ಮೇಲಿನ ಇದ್ದತ್ತಿನಲ್ಲಿ ಕೂತಿದ್ದಳು. ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವಂತಿಲ್ಲ, ಹೊರಗಿನ ಗಂಡಸರ ಎದುರು ಬರುವಂತಿಲ್ಲ. ಯೂನುಸ ಪರದೆಯ ಆಚೆ ಕಟ್ಟೆಯ ಮೇಲೆ ನಿಂತು ಒಂದು ಕೈಚೀಲವನ್ನು ಒಳಗೆ ಸರಿಸಿದ.

"ಅಂಗಡ್ಯಾಗ ಇದ್ದ ಅವನ ಸಾಮಾನು, ಭಾಬಿ. ಡಬ್ಬಿ, ಅಂಗಿ."

ಅಂಗಿಗೆ ವಾರ್ನಿಶಿನ ವಾಸನೆ ಇತ್ತು. ಜೇಬಿನಲ್ಲಿ ಟೆಸ್ಟರ್, ಅದರ ಹಿಂದೆ ಒಂದು ಮಾತ್ರೆ ಪಟ್ಟಿ. ಆರು ಗುಂಡಿ ಒಡೆದಿದ್ದವು, ನಾಲ್ಕು ತುಂಬಿದ್ದವು. ಹೆಸರು ಓದಬೇಕಾಗಿರಲಿಲ್ಲ. ದಿನಾ ಸಂಜೆ ಅತ್ತೆಯ ಕೈಯಲ್ಲಿ ನೋಡುತ್ತಿದ್ದ ಪಟ್ಟಿಯೇ ಅದು.

"ಇದು ಅತ್ತೀದು. ಇಲ್ಲಿ ಹೆಂಗ ಬಂತು?"

ಪರದೆಯ ಆಚೆ ಯೂನುಸ ಕಟ್ಟೆಯ ಮೇಲೆ ಕೂತ.

"ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕಿಸ್ಕಂಡಿದ್ದ ಭಾಬಿ. ಈಗ ಯಾರ ಆಣಿ, ಏನು. ಎರಡು ತಿಂಗಳ ಹಿಂದ ಬಸ್ ಸ್ಟ್ಯಾಂಡಿನಾಗ ರಕ್ತ ತಪಾಸಣಿ ಕ್ಯಾಂಪ್ ಹಾಕಿದ್ರಲ್ಲ, ಇಬ್ರೂ ರಕ್ತ ಕೊಟ್ವಿ. ನಂದು ಚಲೋ ಬಂತು. ಅವಂದು ಜಿಡ್ಡು ಅಮ್ಮನಕಿಂತ ಜಾಸ್ತಿ ಇತ್ತು. ದೊಡ್ಡ ಡಾಕ್ಟ್ರಿಗೆ ತೋರಿಸ್ರಿ ಅಂದ್ರು. ನಡೀಲೇ ಹೋಗೂಣು ಅಂತ ನಾನೂ ಅಂದೆ. ಅಮ್ಮಂದೂ ಇದ ರೋಗ, ಅವಳ ಗುಳಿಗಿನ ನನಗೂ ಆಕ್ಕೈತಿ ಅಂದ."

"ಬ್ಯಾರೆ ತಗಳ್ಳಬಹುದಿತ್ತಲ್ಲ?"

"ಎಲ್ಲಿ ತಗಳ್ಳಾದು? ಪ್ರವೀಣಕುಮಾರನ ಮೆಡಿಕಲ್ಲಿನಾಗ ಒಂದು ಪಟ್ಟಿ ಜಾಸ್ತಿ ಕೇಳಿದ್ರ ಯಾರಿಗೆ ಅಂತಾನ. ಸಂಜಿ ಒಳಗ ಕೊಟ್ಟೂರಿಗೆಲ್ಲ ಗೊತ್ತಾಕ್ಕೈತಿ, ಅಮ್ಮ ಊಟ ಬಿಡ್ತಾಳ ಅಂದ. ಕದಿಯಾದೇನಲೇ ಇದು ಅಂತ ಬೈದೆ. ಕದ್ದಿಲ್ಲಲೇ, ಕಡ ತಗಂಡೀನಿ, ದಾವಣಗೆರೆಗೆ ಹೋದಾಗ ತಂದು ಅವಳ ಡಬ್ಬ್ಯಾಗ ಇಡ್ತೀನಿ ಅಂದ." ಯೂನುಸನ ದನಿ ಒಡೆಯಿತು. "ದಿನಾನೂ ನುಂಗ್ತಿದ್ದಿಲ್ಲ. ನೆನಪಾದಾಗ ಅವಳ ಪಟ್ಟ್ಯಾಗಿಂದು ಒಂದು. ಸೋಮವಾರ ಅವಸರದಾಗ ಪಟ್ಟೀನ ಜೇಬಿಗೆ ಹಾಕ್ಕಂಡು ಬಂದು, ನನ್ನ ಮುಂದ ಒಂದು ನುಂಗಿದ."

ಅವನು ಹೋದ ಮೇಲೆ ಅಸ್ಫಿಯಾ ಪಟ್ಟಿಯನ್ನು ಧನಿಯಾ ಡಬ್ಬಿಯ ಹಿಂದೆ ಇಟ್ಟಳು. ಅಳು ಬರಲಿಲ್ಲ. ಎಂ.ಎ. ಓದಿ ಶಾಲೆಯಲ್ಲಿ ಪಾಠ ಹೇಳುವವಳು, ಒಂದೇ ತಟ್ಟೆಯಲ್ಲಿ ಉಂಡವಳು, ತನಗೂ ಅವನು ಹೇಳಿರಲಿಲ್ಲ. ಅದನ್ನು ಆಮೇಲೆ ಯೋಚಿಸಬಹುದು. ಅತ್ತೆಗೆ ಹೇಳುವುದೋ ಬೇಡವೋ ಎಂಬುದು ಇವತ್ತಿನದು. ಮಗನಿಗೂ ಅದೇ ರೋಗ ಇತ್ತು ಎಂದರೆ ಅವಳಿಗೆ ಡಾಕ್ಟರ ಮಾತು ನೆನಪಾಗುತ್ತದೆ. ನನ್ನ ರಕ್ತದಿಂದಲೇ ಅವನಿಗೆ ಬಂತು ಅನ್ನುತ್ತಾಳೆ. ಈಗಲೇ ಮಾತ್ರೆ ಒಲ್ಲೆ ಎನ್ನುವವಳು ಆಮೇಲೆ ಅನ್ನವನ್ನೂ ಬಿಟ್ಟಾಳು. ಹೇಳಬಾರದು ಎಂದು ತೀರ್ಮಾನಿಸಿ ಬದನೆಕಾಯಿ ಹೆಚ್ಚತೊಡಗಿದಳು.

ಮಧ್ಯಾಹ್ನದ ನಮಾಜು ಮುಗಿಸಿದ ಮುನ್ನೀ ಬೀ ಚಾಪೆಯ ಮೇಲಿಂದ ಏಳಲಿಲ್ಲ.

"ಅಸ್ಫೀ, ಇಲ್ಲಿ ಬಾ. ಖರೇ ಹೇಳು. ಅವತ್ತು ಮುಂಜಾನಿ ಅವ ಹೋಗೋ ಮುಂದ ನನಗ ಏನರ ಹೇಳಿದ್ನೇನು?"

"ಏನು ಅತ್ತೀ?"

"ಎದಿ ಉರಿತೈತಿ ಅಂತ. ಇಲ್ಲ ಕೈ ಜೋಮು ಹಿಡದೈತಿ ಅಂತ. ನನಗ ಮೊದಲ ಹಂಗ ಆಗಿತ್ತಲ್ಲ, ನನಗ ಹೇಳದ ಇನ್ಯಾರಿಗೆ ಹೇಳ್ತಾನ? ಹೇಳಿರಬಕು. ನಾನು ಹೂಂ ಅಂದು ಮರ್ತಿರಬಕು." ಅವಳು ಹಣೆಯನ್ನು ಅಂಗೈಯಿಂದ ಮೆಲ್ಲಗೆ ಬಡಿದುಕೊಂಡಳು. "ಮೂರು ದಿನದಿಂದ ನೆನಪು ಮಾಡಕತ್ತೀನಿ. ಅವ ಚಪ್ಪಲಿ ಮೆಟ್ಟಿದ್ದು ನೆನಪೈತಿ. ಆಕಡಿಂದು ಏನೂ ಇಲ್ಲ. ನನ್ನ ಮಗ ನನಗ ಹೇಳ್ಯಾನ, ನಾನು ಮರ್ತು ಕೊಂದೀನಿ."

ಅಸ್ಫಿಯಾ ಎದ್ದು ಹೋದಳು. ಉಳಿದ ಮಧ್ಯಾಹ್ನವೆಲ್ಲ ಒಗೆದ ಬಟ್ಟೆಗಳನ್ನೇ ಮತ್ತೆ ಒಗೆದಳು. ಹೇಳಿದರೆ ಒಂದು ಭಾರ ಇಳಿಸಿ ಇನ್ನೊಂದು ಹೊರಿಸಿದಂತೆ. ಆದರೆ ಮರೆತು ಕೊಂದೆ ಎಂಬುದು ಸುಳ್ಳು, ರಕ್ತದ ಮಾತು ನಿಜ.

ಸಂಜೆಯ ಮಗ್ರಿಬ್ ನಮಾಜು ಆದ ಮೇಲೆ ಅವಳು ಅತ್ತೆಯ ಎದುರು ಕೂತಳು. ಪಟ್ಟಿ ಅವಳ ಮುಷ್ಟಿಯಲ್ಲಿತ್ತು.

"ಅತ್ತೀ, ನೀವು ಏನೂ ಮರ್ತಿಲ್ಲ."

ಯೂನುಸ ಹೇಳಿದ್ದನ್ನೆಲ್ಲ ಒಂದೊಂದಾಗಿ ಹೇಳಿದಳು. ಏನನ್ನೂ ಸೇರಿಸಲಿಲ್ಲ, ಬಿಡಲಿಲ್ಲ. ಮುನ್ನೀ ಬೀ ಬಾಗಿಲ ಕಡೆ ನೋಡುತ್ತ ಕೇಳಿದಳು.

"ಅಕ್ಕಿ ಡಬ್ಬಿ ಹಿಂದ ಗ್ವಾಡಿಗೆ ಗೀಟು ಎಳೀತಿದ್ದೆ ನಾನು" ಎಂದಳು. "ಇದ್ದಲಿಲೆ. ಒಂದು ಗುಳಿಗಿಗೆ ಒಂದು ಗೀಟು. ನಿಮಗ ಯಾರಿಗೂ ಹೇಳಿದ್ದಿಲ್ಲ. ಗೀಟು ಏಳು ಇರ್ತಿದ್ವು, ಪಟ್ಟ್ಯಾಗ ಹತ್ತೂ ಹೋಗಿರ್ತಿದ್ವು. ಗೀಟು ಎಳಿಯಾದೂ ಮರ್ತೆ ಅನ್ಕಂಡೆ."

"ಮರ್ತಿದ್ದಿಲ್ಲ ನೀವು."

"ಹುಚ್ಚಿ ಮಾಡಿದ ನನ್ನ." ದನಿ ಏರಿತು. "ಮಂದಿ ಮುಂದ ನಗಸಾಡಿದ, ಹಡದಾಕಿನ್ನ! ಸುಳ್ಳ. ಸಣ್ಣಾವಿದ್ದಾಗ ಬೆಲ್ಲ ತಿಂದು ಇರುವಿ ಮ್ಯಾಲೆ ಹಾಕ್ತಿದ್ದ, ಸುಳ್ಳ ಬಡ್ಡೀಮಗ..." ಬೈಗುಳ ಅಲ್ಲೇ ನಿಂತಿತು. ಬಾಯಿ ತೆರೆದೇ ಇತ್ತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭುಜಗಳು ಕುಲುಕಿದವು. ಅಸ್ಫಿಯಾ ಮುಟ್ಟಲು ಹೋಗಲಿಲ್ಲ.

"ಅಂದ್ರ ಅವ ನನಗ ಹೇಳಲಿಲ್ಲ" ಎಂದಳು ಮುನ್ನೀ ಬೀ, ಕೊನೆಗೆ.

"ಯಾರಿಗೂ ಹೇಳಲಿಲ್ಲ ಅತ್ತೀ."

"ನನ್ನ ರಕ್ತ ಅದು."

ಅದಕ್ಕೆ ಅಸ್ಫಿಯಾ ಇಲ್ಲ ಎನ್ನಲಿಲ್ಲ. ಹೊರಗೆ ಅಂಜಿನಕ್ಕ ಕರಿಯ ಕೋಳಿಯನ್ನು ಬೈಯುತ್ತ ತನ್ನ ಹಿತ್ತಲಿಂದ ಈಚೆಗೆ ಅಟ್ಟುತ್ತಿದ್ದಳು. ಮುನ್ನೀ ಬೀ ಆ ಸದ್ದು ಮುಗಿಯುವ ತನಕ ಕೂತಿದ್ದು, ಮುಖ ಒರೆಸಿಕೊಂಡಳು.

"ನೀರು ತಾ."

ಅಸ್ಫಿಯಾ ಲೋಟ ತಂದು ಚಾಪೆಯ ಅಂಚಿಗೆ ಇಟ್ಟಳು. ಅತ್ತೆಯ ಬಲಗೈ ಬಿಡಿಸಿ, ತನ್ನ ಮುಷ್ಟಿಯ ಬಿಸಿಗೆ ಬೆಚ್ಚಗಾಗಿದ್ದ ಪಟ್ಟಿಯನ್ನು ಅಂಗೈ ಮೇಲೆ ಇಟ್ಟಳು.

"ಕಡ ತಗಂಡಿದ್ರಂತ. ತಗಳ್ರಿ."

ಮುನ್ನೀ ಬೀಯ ಹೆಬ್ಬೆರಳು ಒಡೆದ ಗುಂಡಿಗಳ ಮೇಲೆ ಒಂದೊಂದಾಗಿ, ಹರಿದ ಬೇಗಡೆಯನ್ನು ಸವರುತ್ತ ಸರಿಯಿತು. ಮಗ ಕೊನೆಗೆ ನುಂಗಿದ ಆರನೆಯದರ ಮೇಲೆ ಬಹಳ ಹೊತ್ತು ನಿಂತಿತು.